ಉಪ್ಪಿನಕಾಯಿ ಜಾಡಿಯಲ್ಲಿ ಬಂದ ಸಮುದ್ರ

ಸತ್ತ ಮೀನಿಗೆ ಬಣ್ಣವಿಲ್ಲ. ಪ್ರಾಣಿಗಳ ಚಿತ್ರ ಬರೆಯುವ ಕೆಲಸಕ್ಕೆ ಸೇರುವವರು ಕುಂಚ ಹಿಡಿಯುವ ಮೊದಲೇ ಇದನ್ನು ತಿಳಿದುಕೊಂಡರೆ ಅರ್ಧ ಕಷ್ಟ ತಪ್ಪುತ್ತದೆ. ನನಗೆ ಯಾರೂ ಹೇಳಲಿಲ್ಲ. ಹೊಸಪೇಟೆಯ ಡ್ರಾಯಿಂಗ್ ಮಾಸ್ತರರ ಮಗ, ಪರೀಕ್ಷೆ ಪಾಸು ಮಾಡಿದವನು, ಎಲ್ಲ ಬಲ್ಲೆ ಎಂದುಕೊಂಡು ಹೋದೆ. ಆಗ ನಮ್ಮ ಊರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಓದಿದ ಹುಡುಗರು ಕೆಲಸ ಹುಡುಕಿಕೊಂಡು ಅಲ್ಲಿಗೇ ಓಡಬೇಕು. ಮದರಾಸಿನಲ್ಲಿ ಸಮುದ್ರದ ಪ್ರಾಣಿಗಳನ್ನು ಕೂಡಿಡುವ ಸಂಗ್ರಹಾಲಯವೊಂದರಲ್ಲಿ ಚಿತ್ರಕಾರನ ಜಾಗ ಖಾಲಿ ಇತ್ತು. ಅದುವರೆಗೆ ಸಮುದ್ರವನ್ನೇ ಕಂಡಿರದ ನಾನು ಅದರೊಳಗಿನ ಜೀವಗಳ ಚಿತ್ರ ಬರೆಯಲು ಕುಳಿತೆ.

ಈಗ ಈ ಕೆಲಸಕ್ಕೆ ಸೇರುವ ಮಕ್ಕಳು ನನ್ನ ಹತ್ತಿರ ಬಂದರೆ ಮೊದಲು ಬಡ್ತಿಯ ವಿಷಯ ಕೇಳುತ್ತಾರೆ. ಅದನ್ನು ಆಫೀಸಿನ ಗುಮಾಸ್ತರನ್ನು ಕೇಳಿಕೊಳ್ಳಲಿ. ಕೆಲಸ ಹೇಗಿತ್ತು ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಮೊದಲಿಗೆ ವಾಸನೆ. ಸೀಸೆಗಳಲ್ಲಿ ಸ್ಪಿರಿಟ್, ಸ್ಪಿರಿಟ್ಟಿನಲ್ಲಿ ಮೀನು, ಏಡಿ, ಹುಳು. ಮಧ್ಯಾಹ್ನದ ಬುತ್ತಿ ಬಿಚ್ಚಿದರೆ ಮೊಸರನ್ನಕ್ಕೂ ಅದೇ ನಾತ. ರಜೆಗೆ ಊರಿಗೆ ಬಂದರೆ ನಮ್ಮ ವೈಷ್ಣವ ಮನೆಯಲ್ಲಿ ನನ್ನನ್ನು ಹಿತ್ತಲ ಬಾಗಿಲಿನಿಂದ ಬರಮಾಡಿಕೊಂಡು, ತಲೆಗೆ ನೀರು ಹಾಕಿದ ಮೇಲೆಯೇ ಒಳಗೆ ಬಿಡುತ್ತಿದ್ದರು. "ಏನು ಹಡದ್ನೋ ನಾನು! ಮಗ ಮದ್ರಾಸಿನಾಗ ಸಾಹೇಬ ಆಗ್ಯಾನ ಅಂದ್ಕೊಂಡ್ರ ಸತ್ತ ಏಡಿ ಕಾಯ್ಕೋತ ಕುಂತಾನ" ಎಂದು ಅಮ್ಮ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಹೆಮ್ಮೆಯೂ ಇತ್ತು. ಅದನ್ನು ಬೈಗುಳದಲ್ಲಿ ಸುತ್ತಿ ಕೊಡುವುದು ಅವಳ ಪದ್ಧತಿ.

ನನ್ನ ಮೇಲಧಿಕಾರಿ ಡಾಕ್ಟರ್ ಶೆಣೈ ಮಂಗಳೂರಿನವರು. ಆ ಕಚೇರಿಯಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಆದರೆ ಅವರ ಕನ್ನಡ ನನ್ನದಕ್ಕಿಂತ ಮಡಿ, ಸಿಟ್ಟು ನನ್ನದಕ್ಕಿಂತ ದೊಡ್ಡದು. ಚಿಕ್ಕಂದಿನಿಂದ ಕಡಲಿನ ಬಂಡೆಗಳ ಮೇಲೆ ಆಡಿ ಬೆಳೆದವರು. ಒಂದು ಕವಡೆಯನ್ನು ಕಣ್ಣು ಮುಚ್ಚಿ ಬೆರಳಲ್ಲಿ ಮುಟ್ಟಿ ಅದರ ಜಾತಿ ಹೇಳಿಬಿಡುವರು. "ನಿಮಗೆ ಗೊತ್ತಿದ್ದದ್ದನ್ನು ಬರೆಯಬೇಡಿ, ಎದುರಿಗೆ ಇದ್ದದ್ದನ್ನು ಬರೆಯಿರಿ" ಎನ್ನುವುದು ಅವರು ಕೊಟ್ಟ ಮೊದಲ ಪಾಠ. ಕೇಳಿಸಿಕೊಂಡೆ, ತಲೆಯಾಡಿಸಿದೆ. ಒಂದು ತಿಂಗಳಲ್ಲಿ ಅದನ್ನು ಮುರಿದೂ ಮುರಿದೆ.

ಒಂದು ಶಂಖದ ಚಿತ್ರ ಬರೆಯಲು ಕೊಟ್ಟಿದ್ದರು. ಎಲ್ಲ ಕಡೆ ಸಿಕ್ಕುವ ಸಾಮಾನ್ಯ ಶಂಖ. ಕೂದಲೆಳೆಯಂಥ ಗೆರೆಗಳಲ್ಲಿ, ನೆರಳು ಬೆಳಕು ಹಾಕಿ, ಬಹಳ ಚೆನ್ನಾಗಿ ಬರೆದೆ. ಡಾಕ್ಟರು ಶಂಖವನ್ನು ಚಿತ್ರದ ಪಕ್ಕದಲ್ಲಿ ಇಟ್ಟು ನನ್ನ ಮುಖ ನೋಡಿದರು. ಶಂಖದ ಸುರುಳಿ ಒಂದು ಕಡೆಗೆ, ಚಿತ್ರದ ಸುರುಳಿ ಇನ್ನೊಂದು ಕಡೆಗೆ. ನಮ್ಮ ಮನೆಯಲ್ಲಿ ಪೂಜೆಗೆ ಶ್ರೇಷ್ಠ ಎಂದು ಹೇಳುತ್ತಾರಲ್ಲ, ಲಕ್ಷಕ್ಕೊಂದು ಸಿಕ್ಕುವ ದಕ್ಷಿಣಾವರ್ತಿ, ಅದನ್ನೇ ನನ್ನ ಕೈ ತಾನಾಗಿ ಬರೆದಿತ್ತು. "ಇದು ಶಂಖ ಅಲ್ಲ ಮಾರಾಯರೇ, ನಿಮ್ಮ ಭಕ್ತಿ. ಭಕ್ತಿಯನ್ನು ಮ್ಯೂಸಿಯಮ್ಮಿನಲ್ಲಿ ಎಂತ ಮಾಡುವುದು?" ಎಂದರು. ಕಚೇರಿಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ದಿನದಿಂದ ನನ್ನ ಪ್ರತಿ ಚಿತ್ರವನ್ನೂ ಡಾಕ್ಟರು ಎರಡೆರಡು ಸಲ ನೋಡತೊಡಗಿದರು.

ಪದ್ಧತಿಗಳ ಬಗ್ಗೆ ಎರಡು ಮಾತು. ಬಣ್ಣದ ಫೋಟೋ ನಮ್ಮ ಕೈಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ನಾನು ಸೇರಿದಾಗ ಕ್ಯಾಮೆರಾ ಇತ್ತು, ಕಪ್ಪು ಬಿಳುಪು ಮಾತ್ರ. ಬಣ್ಣ ಬೇಕಾದರೆ ಪ್ರಾಣಿ ಬದುಕಿರುವಾಗಲೇ ಚಿತ್ರಕಾರ ದಂಡೆಯಲ್ಲಿ ಕುಳಿತು ಬರೆಯಬೇಕು. ಸ್ಪಿರಿಟ್ಟಿಗೆ ಬಿದ್ದ ಮೇಲೆ ಕೆಂಪು, ನೀಲಿ, ಹಳದಿ ಎಲ್ಲ ಕರಗಿ ಬೇಯಿಸಿದ ಅವರೆಕಾಳಿನ ಬಣ್ಣ ಉಳಿಯುತ್ತದೆ. ಆಮೇಲೆ ಆ ಬಣ್ಣಕ್ಕೆ ಸಾಕ್ಷಿ ಎಂದರೆ ಚಿತ್ರಕಾರನ ಮಾತು ಒಂದೇ. ಅವನನ್ನು ನಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನಗೆ ಗಂಡಾಂತರ ತಂದದ್ದು ಚಿಪ್ಪಿಲ್ಲದ ಕಡಲ ಬಸವನಹುಳು. ಹೊಲದಲ್ಲಿ ಮಳೆಗಾಲಕ್ಕೆ ಕಾಣುವ ಲೋಳೆಹುಳುವಿನ ನೆಂಟ. ಆದರೆ ಈ ನೆಂಟನ ಮನೆಯಲ್ಲಿ ದಿನಾ ಮದುವೆ. ರಾಮೇಶ್ವರದ ಹತ್ತಿರ ಪಾಂಬನ್ ಕಡೆಯ ಹವಳದ ದಿಬ್ಬಗಳಲ್ಲಿ ಸಂಗ್ರಹಕ್ಕೆ ಹೋಗಿದ್ದೆವು. ಡಾಕ್ಟರಿಗೆ ಜ್ವರ ಬಂದು ಮದರಾಸಿನಲ್ಲೇ ಉಳಿದಿದ್ದರು. ದೋಣಿಯವನು ಒಂದು ಕಲ್ಲು ಮಗುಚಿದ. ಅದರ ಅಡಿಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಜೀವ. ಹಾಲು ಬಿಳಿಯ ಮೈ, ಮೈ ತುಂಬ ನೇರಳೆ ಚುಕ್ಕೆ, ಸುತ್ತಲೂ ಅಪ್ಪಟ ಅರಿಶಿನದ ಅಂಚು. ತಲೆಯ ಮೇಲೆ ಎರಡು ಪುಟ್ಟ ಕೊಂಬು. ಬೆನ್ನ ಹಿಂಭಾಗದಲ್ಲಿ ಹೂವಿನಂತೆ ಅರಳಿದ ಕಿವಿರು. ಅದರಿಂದಲೇ ಅದು ಉಸಿರಾಡುವುದು. ಮುಟ್ಟಿದರೆ ಸಾಕು, ಕಿವಿರನ್ನು ಒಳಗೆ ಎಳೆದುಕೊಂಡು ಬರೀ ಉಂಡೆಯಾಗುತ್ತದೆ. ಅಷ್ಟು ಚಂದದ ಪ್ರಾಣಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೂತು ಬರೆದೆ. ಅಲ್ಲಿ ಇದ್ದದ್ದನ್ನೇ ಬರೆದೆ.

ಮದರಾಸಿಗೆ ಬರುವಷ್ಟರಲ್ಲಿ ಸೀಸೆಯೊಳಗಿನ ಹುಳು ಬಿಳಿಚಿ ಮುದುಡಿತ್ತು. ಡಾಕ್ಟರು ವಿಲಾಯಿತಿಯ ದಪ್ಪ ಪುಸ್ತಕ ತೆಗೆದರು. ಅದರಲ್ಲಿ ಇದೇ ಅಳತೆಯ, ಇದೇ ಆಕಾರದ ಒಂದು ಪ್ರಾಣಿಯ ಚಿತ್ರವಿತ್ತು. ಚುಕ್ಕೆ ಮಾತ್ರ ಕೆಂಪು. ಅಂಚೇ ಇರಲಿಲ್ಲ.

"ಹುಳಕ್ಕೆ ಜರಿ ಅಂಚಿನ ಸೀರೆ ಉಡಿಸಿದ್ದೀರಲ್ಲ ಪ್ರಾಣೇಶರೇ" ಎಂದರು.

"ಇಲ್ಲ ಸಾರ್. ಅಂಚು ಇತ್ತು. ನಾನು ನೋಡಿದೆ."

"ಶಂಖವನ್ನೂ ನೀವು ನೋಡಿಯೇ ಬರೆದದ್ದಲ್ವಾ?"

ಡಾಕ್ಟರು ಸಿಟ್ಟಿನಲ್ಲಿರಲಿಲ್ಲ. ಅದೇ ನನಗೆ ಭಯ ತಂದದ್ದು. ಮೆಲ್ಲಗೆ ಹೇಳಿದರು: "ನೋಡಿ, ನಿಮ್ಮ ಕೈ ಒಳ್ಳೆಯದು. ಆದರೆ ನನಗೆ ಬೇಕಾದದ್ದು ಕಣ್ಣು. ಇದು ಹೊಸ ಜಾತಿಯೋ ಹಳೆಯದೋ ಎಂದು ನಿಮ್ಮ ಚಿತ್ರ ನಂಬಿ ನಾನು ಬರೆದರೆ, ನಾಳೆ ತಪ್ಪು ನನ್ನ ತಲೆಗೆ. ಬದುಕಿರುವ ಪ್ರಾಣಿಯನ್ನು ನನ್ನ ಕಣ್ಣಿಗೆ ತೋರಿಸಿ. ಇಲ್ಲದಿದ್ದರೆ ನಿಮ್ಮ ಕೆಲಸ ಖಾಯಂ ಮಾಡಿ ಎಂದು ಬರೆಯಲು ನನ್ನಿಂದಾಗುವುದಿಲ್ಲ. ಕಪ್ಪು ಬಿಳುಪಾದರೂ ಸರಿ, ಕ್ಯಾಮೆರಾದವನನ್ನು ಇಟ್ಟುಕೊಳ್ಳುತ್ತೇನೆ." ಕೆಲವು ವಾರ ಅವರು ಧಾರವಾಡದ ಕಡೆ ಪ್ರವಾಸ ಹೋಗುವವರಿದ್ದರು. ಮರಳಿ ಬಂದ ಮೇಲೆ ತೀರ್ಮಾನ. ನನಗೆ ರಜೆ ಕೊಟ್ಟು ಊರಿಗೆ ಕಳಿಸಿದರು.

ಸಮುದ್ರದಿಂದ ಇಷ್ಟು ದೂರದ ಹೊಸಪೇಟೆಯಲ್ಲಿ ಕುಳಿತು ಕಡಲ ಹುಳು ಎಲ್ಲಿಂದ ತರಲಿ? ಪಡಸಾಲೆಯಲ್ಲಿ ಮಂಕಾಗಿ ಕೂತಿದ್ದವನಿಗೆ ದಾರಿ ತೋರಿಸಿದವರು ಗುರುರಾಜ ಭಾವ, ನನ್ನ ಅಕ್ಕನ ಗಂಡ. ಅವರು ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್. ಗೋವೆಯ ಬಂದರಿನಿಂದ ಹೊರಟ ಗಾಡಿಯ ಸರಕು ಹುಬ್ಬಳ್ಳಿಯ ಮೇಲೆ ನಮ್ಮ ಹೊಸಪೇಟೆಗೂ ಬರುತ್ತದೆ.

"ಉಪ್ಪು ಬರ್ತದ, ಒಣಮೀನ ಬರ್ತದ, ನಿನ್ನ ಹುಳ ಬರಂಗಿಲ್ಲೇನು? ಬಂದರಿನ ಕಡೆ ಗಾರ್ಡುಗಳೆಲ್ಲ ನಮ್ಮ ದೋಸ್ತರು. ಚಿತ್ರ ಕೊಡು, ಅಲ್ಲಿ ಬೆಸ್ತರಿಗೆ ತೋರಸ್ತಾರ" ಎಂದರು ಭಾವ.

ಚಿತ್ರದ ನಕಲು ಬರೆದು ಕೊಟ್ಟೆ. ತಾಮ್ರದ ಪಾತ್ರೆ ಬೇಡ, ಅದರಲ್ಲಿ ಇವು ಸಾಯುತ್ತವೆ ಎಂದು ಹತ್ತು ಸಲ ಹೇಳಿದೆ. ಹುಬ್ಬಳ್ಳಿಯಲ್ಲಿ ಅಕ್ಕ ತನ್ನ ದೊಡ್ಡ ಉಪ್ಪಿನಕಾಯಿ ಜಾಡಿಯನ್ನು ತಿಕ್ಕಿ ತಿಕ್ಕಿ ತೊಳೆದು ಕೊಟ್ಟಳು. ಆ ಹುಳು ಗೋವೆಯ ಬಂಡೆಗಳಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಇಷ್ಟರಲ್ಲಿ ಡಾಕ್ಟರಿಂದ ಕಾರ್ಡು ಬಂತು. ಧಾರವಾಡದಿಂದ ಮದರಾಸಿಗೆ ಮರಳುವ ದಾರಿಯಲ್ಲಿ ಒಂದು ದಿನ ಹೊಸಪೇಟೆಯಲ್ಲಿ ಇಳಿಯುತ್ತಾರಂತೆ. ಹಂಪಿ ನೋಡಬೇಕೆಂಬುದು ಅವರ ಬಹಳ ದಿನದ ಆಸೆ. ಗಾಡಿಯ ವ್ಯವಸ್ಥೆ ಮಾಡಲು ಸಾಧ್ಯವೇ ಎಂದು ಕೇಳಿದ್ದರು.

ಅವರು ಇಳಿಯುವ ಹಿಂದಿನ ದಿನ ಬೆಳಿಗ್ಗೆ ಭಾವ ರೈಲಿನಿಂದ ಇಳಿದರು. ಒಂದು ಕೈಯಲ್ಲಿ ಜಾಡಿ, ಇನ್ನೊಂದರಲ್ಲಿ ಹೆಚ್ಚಿನ ಸಮುದ್ರದ ನೀರು ತುಂಬಿದ, ಚೆನ್ನಾಗಿ ತೊಳೆದ ಸೀಮೆಎಣ್ಣೆ ಡಬ್ಬಿ. ಜಾಡಿಯೊಳಗೆ ಇಣುಕಿದೆ. ಎರಡು ಹುಳು. ಒಂದು ನನ್ನದೇ: ನೇರಳೆ ಚುಕ್ಕೆ, ಅರಿಶಿನ ಅಂಚು. ಹೋದ ಜೀವ ಬಂದಂತಾಯಿತು. ಇನ್ನೊಂದನ್ನು ಬಗ್ಗಿ ನೋಡಿದೆ. ಅದಕ್ಕೆ ಕೆಂಪು ಚುಕ್ಕೆ, ಅಂಚಿಲ್ಲ. ಡಾಕ್ಟರ ಪುಸ್ತಕದ ಪ್ರಾಣಿಯೇ ಅದು. ಹಾಗಾದರೆ ಇವು ಬೇರೆ ಬೇರೆ ಜಾತಿಯೋ, ಒಂದೇ ಜಾತಿಯ ಎರಡು ಬಣ್ಣವೋ? ಇರಲಿ, ಅದನ್ನು ಡಾಕ್ಟರು ಹೇಳಲಿ, ನಾಳೆಯವರೆಗೆ ಇವು ಬದುಕಿದ್ದರೆ ಸಾಕು ಎಂದುಕೊಂಡೆ. ಜಾಡಿಯನ್ನು ಪಡಸಾಲೆಯ ತಂಪು ಮೂಲೆಯಲ್ಲಿಟ್ಟು, ಯಾರೂ ಕೈ ಹಾಕಬೇಡಿ ಎಂದು ಹೇಳಿ, ಹಂಪಿಗೆ ಹೋಗುವ ಎತ್ತಿನ ಗಾಡಿ ಗೊತ್ತು ಮಾಡಲು ಕಡ್ಡಿರಾಂಪುರಕ್ಕೆ ನಡೆದೆ. ಭಾವ ಡ್ಯೂಟಿಗೆ ಮರಳಿದ್ದರು, ಅಪ್ಪ ಸಂಡೂರಿನ ಬೀಗರ ಮನೆಗೆ ಹೋಗಿದ್ದರು. ಮನೆಯಲ್ಲಿ ಉಳಿದವರು ಅಮ್ಮ ಮತ್ತು ಅಪ್ಪನ ಅಕ್ಕ ಪದ್ದತ್ತೆ.

ಪದ್ದತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವರು. ಮಡಿ ಎಂದರೆ ಮಡಿ. ಸುಳ್ಳು ಎಂಬುದು ಅವರ ನಾಲಿಗೆಗೆ ಗೊತ್ತಿಲ್ಲ. ರಾಮೇಶ್ವರಕ್ಕೆ ಹೋಗಿ ಸಮುದ್ರಸ್ನಾನ ಮಾಡಬೇಕೆಂಬ ಒಂದೇ ಆಸೆ ಇಟ್ಟುಕೊಂಡು ಮುದುಕಿಯಾಗಿದ್ದರು.

ಸಂಜೆ ನಾನು ಮರಳಿದಾಗ ನಮ್ಮ ಬಾಗಿಲಲ್ಲಿ ಹೆಂಗಸರ ಸಾಲು. ಒಬ್ಬೊಬ್ಬರಾಗಿ ಒಳಗೆ ಹೋಗಿ, ಅಂಗೈ ಒಡ್ಡಿ, ತಲೆಗೆ ನೀರು ಪ್ರೋಕ್ಷಿಸಿಕೊಂಡು, ಕಣ್ಣಿಗೊತ್ತಿಕೊಂಡು ಬರುತ್ತಿದ್ದರು. ಪಡಸಾಲೆಯಲ್ಲಿ ಪದ್ದತ್ತೆ ಜಾಡಿಯ ಮುಂದೆ ತೀರ್ಥ ಕೊಡುವ ಪುಟ್ಟ ಚಮಚ, ಉದ್ಧರಣೆ, ಹಿಡಿದು ಕೂತಿದ್ದರು.

"ಇವತ್ತು ಅಮಾಸಿ ಅಲ್ಲೇನೋ! ಸಮುದ್ರ ಮುಟ್ಟಬೇಕು ಅಂದ್ರ ಪರ್ವದ ದಿನಾನೇ ಮುಟ್ಟಬೇಕು. ತಾನಾಗೇ ಮನಿಗೆ ಬಂದಾನ ಸಮುದ್ರರಾಜ" ಎಂದರು ಹಿಗ್ಗಿನಿಂದ.

"ಅತ್ತೆ, ಅದರಾಗ ಹುಳ ಅವ!"

"ಇರ್ಲೇಳು. ಸಾಲಿಗ್ರಾಮದಾಗೂ ಹುಳ ಇತ್ತಲ್ಲ."

"ಬೀದಿಗೆಲ್ಲ ಕೊಟ್ರೂ ನೀರು ಕಮ್ಮಿ ಆಗಿಲ್ಲಲ್ಲ?"

"ತೀರ್ಥದ ಪಾತ್ರಿ ಬರಿದಾಗಬಾರದಪ್ಪ. ಒಂದು ಉದ್ಧರಣಿ ಕೊಟ್ಟೆ, ಒಂದು ಉದ್ಧರಣಿ ತುಂಗಭದ್ರಿ ಹಾಕಿದೆ. ಮಡೀಲೆ ತಂದ ನೀರು."

ಕಡಲ ಪ್ರಾಣಿಗೆ ಸಿಹಿನೀರು ವಿಷ. ಜಾಡಿಯಲ್ಲಿ ಹುಳುಗಳೆರಡೂ ಸೋತು ಉದ್ದಕ್ಕೆ ಚಾಚಿಕೊಂಡಿದ್ದವು. ಡಬ್ಬಿಯ ಸಮುದ್ರದ ನೀರನ್ನು, ಸೀಮೆಎಣ್ಣೆ ಡಬ್ಬಿ ಮಡಿಗೆ ಬರುವುದಿಲ್ಲವೆಂದು, ಅವರು ಮುಟ್ಟಿರಲಿಲ್ಲ. ಪುಣ್ಯ. ಓಡಿ ತಂದು, ಹಳೆಯ ನೀರು ಸ್ವಲ್ಪ ಸ್ವಲ್ಪವೇ ತೆಗೆದು ಅದನ್ನು ತುಂಬಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ನನ್ನ ಅನ್ನಕ್ಕ ಕಲ್ಲು ಹಾಕಿದ್ರಿ ಅತ್ತೆ" ಎಂದುಬಿಟ್ಟೆ. ಪದ್ದತ್ತೆಯ ಮುಖ ಬಾಡಿತು. ಎದ್ದು ಅಡುಗೆಮನೆಗೆ ಹೋದರು. ಅಂದು ಊಟ ಮಾಡಲಿಲ್ಲ.

ಬೆಳಗಾಗುವಾಗ ಕೆಂಪು ಚುಕ್ಕೆಯದು ಮೆಲ್ಲನೆ ಹರಿದಾಡುತ್ತಿತ್ತು. ನೇರಳೆ ಚುಕ್ಕೆಯದು, ನನ್ನದು, ಸತ್ತಿತ್ತು.

ಡಾಕ್ಟರು ಸ್ಟೇಷನ್ನಿನಿಂದ ನೇರ ಮನೆಗೆ ಬಂದರು. ತಲೆಗೆ ಟೊಪ್ಪಿ, ಕೈಯಲ್ಲಿ ಹಂಪಿಯ ನಕಾಶೆ. ಬಾಗಿಲಲ್ಲಿ ಕಡ್ಡಿರಾಂಪುರದ ಹನುಮಂತ ಗಾಡಿ ಹೂಡಿ ನಿಂತಿದ್ದ. ನಾನು ಜಾಡಿ ತೋರಿಸಿದೆ. ಅವರು ಟೊಪ್ಪಿ ತೆಗೆದು ನೆಲಕ್ಕೆ ಕೂತು, ಮೂಗು ನೀರಿಗೆ ತಾಗುವಷ್ಟು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಅಂಚು ಉಂಟು" ಎಂದರು ಕೊನೆಗೆ. "ಸತ್ತರೂ ಬಣ್ಣ ಇನ್ನೂ ಹೋಗಿಲ್ಲ. ಅರಿಶಿನವೇ. ಆದರೆ ಇದರ ಕಿವಿರು ನೋಡಿ ಮಾರಾಯರೇ! ಪೂರ್ತಿ ಅರಳಿಕೊಂಡೇ ಸತ್ತಿದೆ. ಇದನ್ನು ಹೇಗೆ ಮಾಡಿದಿರಿ?"

ನಡೆದದ್ದು ಹೇಳಿದೆ. ಡಾಕ್ಟರು ಬಿದ್ದು ಬಿದ್ದು ನಕ್ಕರು. ಸಿಹಿನೀರನ್ನು ಹನಿ ಹನಿ ಬೆರೆಸಿ ಇಂಥ ಪ್ರಾಣಿಗಳನ್ನು ಮಲಗಿಸುವ ಪದ್ಧತಿ ಇದೆಯಂತೆ. ಅವರೂ ಮಾಡಿ ನೋಡಿದ್ದರಂತೆ. ತಾಳ್ಮೆ ಸಾಲದೆ ಪ್ರತಿ ಸಲ ಕಿವಿರು ಒಳಗೆ ಹೋಗಿಬಿಡುತ್ತಿತ್ತಂತೆ. "ಇಡೀ ದಿನ ಚಮಚ ಚಮಚ ಹಾಕುವವರು ನಮ್ಮಲ್ಲಿ ಯಾರಿದ್ದಾರೆ?" ಎಂದರು. ಆಮೇಲೆ ಮುಖ ಗಂಭೀರವಾಯಿತು. "ನಿಮ್ಮ ಚಿತ್ರ ಸರಿ. ಒಪ್ಪಿದೆ. ಆದರೆ ಇವು ಒಂದೇ ಜಾತಿಯೋ ಎರಡೋ? ಒಂದೇ ಜಾತಿಯಾದರೆ ಮಾತ್ರ ಕೂಡುವುದು. ಹತ್ತಿರ ಹತ್ತಿರ ಹೋದವೇ? ನೀವು ನೋಡಿದಿರಾ?"

ನಾನು ನೋಡಿರಲಿಲ್ಲ. ಆಗ ಅಡುಗೆಮನೆಯ ಬಾಗಿಲ ಹಿಂದೆ ಪಿಸುಮಾತು ಕೇಳಿಸಿತು. ಪರಗಂಡಸಿನ ಎದುರು ಪದ್ದತ್ತೆ ಬರುವವರಲ್ಲ. ಅಮ್ಮ ಹೊಸ್ತಿಲಿಗೆ ಬಂದು ನಿಂತು, ಗೋಡೆ ನೋಡುತ್ತ ಹೇಳಿದಳು: "ನಮ್ಮ ಅತ್ತಿಗಿ ನೋಡ್ಯಾರಂತ್ರಿ."

"ಏನು ನೋಡಿದರಂತೆ ಅಮ್ಮಾ?"

ಮತ್ತೆ ಪಿಸುಮಾತು. ಅಮ್ಮನ ಕಿವಿ ಕೆಂಪಾಯಿತು. "ನಿನ್ನಿ ಮುಂಜಾನಿ ಎರಡೂ ಕೂಡಿಕೊಂಡಿದ್ವಂತ್ರಿ. ಭಾಳ ಹೊತ್ತು. ಗಂಡ ಹೆಂಡ್ತಿ ಇದ್ದಂಗ. ಅದಕ್ಕ ಅವ್ರು ಅಲುಗಾಡಸದ ಮ್ಯಾಲಿಂದ ಮ್ಯಾಲೆ ತೀರ್ಥ ತಗದ್ರಂತ."

"ಹತ್ತಿರ ಇದ್ದವು ಎಂದ ಮಾತ್ರಕ್ಕೆ..." ಎಂದು ಡಾಕ್ಟರು ಶುರು ಮಾಡಿದರು. ಆಗ ಪದ್ದತ್ತೆಗೆ ತಡೆಯಲಾಗಲಿಲ್ಲ. ಬಾಗಿಲ ಮರೆಯಿಂದ ಅವರ ದನಿಯೇ ಬಂತು.

"ಹತ್ರ ಅಲ್ರಿ. ಇದರ ಬಲಮಗ್ಗಲಿಗೆ ಅದರ ಬಲಮಗ್ಗಲು ಹತ್ತಿತ್ತು. ಇದರ ತಲಿ ಅತ್ಲಾಗ, ಅದರ ತಲಿ ಇತ್ಲಾಗ. ನಾ ಸುಳ್ಳು ಯಾಕ ಹೇಳ್ಲಿ?"

ಡಾಕ್ಟರು ಎದ್ದು ನಿಂತರು. ಈ ಪ್ರಾಣಿಗಳು ಕೂಡುವುದು ಬಲಮಗ್ಗುಲಿಗೆ ಬಲಮಗ್ಗುಲು ತಾಗಿಸಿ, ತಲೆ ಅದಲುಬದಲು ಮಾಡಿಯೇ. ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಇದು ನನಗೆ ಅಂದು ಅವರು ಹೇಳಿದ ಮೇಲೆಯೇ ತಿಳಿದದ್ದು. ಯಾರೂ ಕಲ್ಪಿಸಿಕೊಂಡು ಹೇಳುವ ಮಾತಲ್ಲ ಅದು. ಡಾಕ್ಟರು ಬಾಗಿಲ ಕಡೆ ತಿರುಗಿ ಕೈ ಮುಗಿದರು. "ತಾಯೀ, ಇಂಥವು ಜೊತೆಗೂಡುವುದನ್ನು ನೋಡಲು ನಾನು ಮೂರು ವರ್ಷದಿಂದ ಕಾಯುತ್ತಿದ್ದೆ, ನೀವು ನೋಡಿದ್ದೀರಿ" ಎಂದರು. ಸ್ವಲ್ಪ ಹೊತ್ತಿಗೆ ಅಮ್ಮ ಬೆಲ್ಲದ ಪಾನಕ ತಂದಿಟ್ಟಳು. ಅದರಲ್ಲಿ ಏಲಕ್ಕಿ ಧಾರಾಳವಾಗಿತ್ತು. ಪದ್ದತ್ತೆ ಸಿಟ್ಟು ಬಿಟ್ಟಿದ್ದಾರೆಂದು ನನಗೆ ಗೊತ್ತಾಯಿತು. ಒಳಗೆ ಹೋಗಿ ಅವರ ಕಾಲಿಗೆ ಬಿದ್ದೆ. "ಏಳು, ಏಳು. ಸ್ಪಿರಿಟ್ ಕೈಲೆ ನನ್ನ ಮುಟ್ಟಬ್ಯಾಡ" ಎಂದರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಜಾತಿ ಗುರುತಿಸುವುದು ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನು ಹೊಸಬರು ತಿಳಿದಿರಬೇಕು. ಇವುಗಳ ನಾಲಿಗೆಯ ಮೇಲೆ ಕಣ್ಣಿಗೆ ಕಾಣದ ಹಲ್ಲುಗಳ ಪಟ್ಟಿ ಇರುತ್ತದೆ. ಮದರಾಸಿಗೆ ಹೋದ ಮೇಲೆ ಡಾಕ್ಟರು ಎರಡರ ಹಲ್ಲುಗಳನ್ನೂ ಸೂಕ್ಷ್ಮದರ್ಶಕದಲ್ಲಿಟ್ಟು ತಿಂಗಳುಗಟ್ಟಲೆ ಹೋಲಿಸಿದರು. ಒಂದೇ ಬಗೆ. ಪುಸ್ತಕದ ಹಳೆಯ ಜಾತಿಯೇ ಅದು. ಅರಿಶಿನ ಅಂಚಿನದು ಅದರದೇ ಇನ್ನೊಂದು ಬಣ್ಣ. ಹೊಸ ಜಾತಿಗೆ ಹೆಸರಿಡುವ ಅವಕಾಶ ಡಾಕ್ಟರಿಗೆ ತಪ್ಪಿತು. ಅದಕ್ಕಾಗಿ ಅವರು ಒಂದು ದಿನವೂ ಮರುಗಿದ್ದನ್ನು ನಾನು ಕಾಣೆ.

ಆ ಬೆಳಿಗ್ಗೆಗೆ ಬರುತ್ತೇನೆ. ಹೊರಗೆ ಹನುಮಂತ ಕೂಗಿದ: "ಏನ್ ಸ್ವಾಮಿ, ಬಿಸಿಲು ಏರಾಕ್ಹತ್ತೈತಿ. ಹಂಪಿಗೆ ಹೋಗಾದೈತೋ ಇಲ್ಲೋ?"

"ಸಾರ್, ನೀವು ಹೋಗಿ ಬನ್ನಿ. ಅಷ್ಟರಲ್ಲಿ ನಾನು ಬರೆದಿಡುತ್ತೇನೆ" ಎಂದೆ.

ಡಾಕ್ಟರು ಜಾಡಿ ನೋಡಿದರು. ಸತ್ತದ್ದರ ಅಂಚು ಆಗಲೇ ಸ್ವಲ್ಪ ಮಸುಕಾಗುತ್ತಿತ್ತು. "ಹಂಪಿ ಎಲ್ಲಿಗೂ ಹೋಗುವುದಿಲ್ಲ. ಇದು ಸಂಜೆಗೆ ಹೋಗುತ್ತದೆ. ನೀವು ಬರೆಯಿರಿ, ನಾನು ಇಲ್ಲೇ ಇರುತ್ತೇನೆ" ಎಂದು ನಕಾಶೆ ಮಡಿಸಿ ಜೇಬಿಗೆ ಹಾಕಿದರು. ಹನುಮಂತ ಎತ್ತು ಬಿಚ್ಚಿ ಜಗಲಿಯಲ್ಲಿ ಮಲಗಿಬಿಟ್ಟ.

ಎರಡನ್ನೂ ಒಂದೇ ಹಾಳೆಯಲ್ಲಿ ಬರೆದೆ. ಬಿಸಿಲು ತಿರುಗಿದಂತೆ ಡಾಕ್ಟರೇ ಜಾಡಿಯನ್ನು ನೆರಳಿಗೆ ಎಳೆಯುತ್ತಿದ್ದರು. ಬದುಕಿದ್ದದ್ದಕ್ಕೆ ಆಗಾಗ ಡಬ್ಬಿಯ ನೀರು ಹಾಕುತ್ತಿದ್ದರು. ಒಂದೆರಡು ಸಲ "ಈ ಚುಕ್ಕೆ ಇನ್ನೂ ಸ್ವಲ್ಪ ಕಪ್ಪು" ಎಂದರು. ನೋಡಿದೆ, ಹೌದು, ತಿದ್ದಿದೆ. ಒಂದು ಸಲ ನಾನು "ಇಲ್ಲ ಸಾರ್, ಅದು ನೆರಳು" ಎಂದೆ. ಅವರು ಬಗ್ಗಿ ನೋಡಿ ಒಪ್ಪಿಕೊಂಡರು. ಊಟಕ್ಕೆ ಏಳಲಿಲ್ಲ, ಅಮ್ಮ ಅಲ್ಲಿಗೇ ಅವಲಕ್ಕಿ ತಂದುಕೊಟ್ಟಳು.

ಡಾಕ್ಟರು ಸಂಜೆಯ ರೈಲಿಗೆ ಹೊರಡುವ ಹೊತ್ತಿಗೆ ಹಾಳೆ ಒಣಗಿತ್ತು. ಮೂಲೆಯಲ್ಲಿ ನಾನು ಎಂದಿನಂತೆ "ಜೀವಂತವಾಗಿ ನೋಡಿ ಬರೆದದ್ದು" ಎಂದು ಬರೆದು ಹೆಸರು ಹಾಕಿದೆ. ಸತ್ತದ್ದು ಎದುರಿಗೆ ಬಿದ್ದಿರುವಾಗ ಹಾಗೆ ಬರೆಯಬಹುದೇ ಎಂದು ಡಾಕ್ಟರ ಮುಖ ನೋಡಿದೆ. ಅವರು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡರು. "ಜೀವಂತವಾಗಿ" ಎಂಬುದನ್ನು ಹೊಡೆದುಹಾಕಿ "ಒಂದು ಜೀವಂತ, ಒಂದು ಆಗತಾನೆ ಸತ್ತದ್ದು" ಎಂದು ತಿದ್ದಿದರು. ಅದರ ಕೆಳಗೆ, ನನ್ನ ಹೆಸರಿನ ಪಕ್ಕಕ್ಕೆ, ಇನ್ನೊಂದು ಸಾಲು ಬರೆದು ಸಹಿ ಹಾಕಿದರು: "ಪ್ರಾಣೇಶರ ಜೊತೆ ಕೂತು ನಾನೂ ನೋಡಿದ್ದೇನೆ."